ದೊಡ್ಡಿಯೊಳಗಿನ ಈಡು

ನನ್ನ ತಂಗಿ ಸೈಮಿಯ ಗಂಡ ಡ್ವೈಟ್ ಹ್ಯಾಂಚೆಟ್‌ನಂಥ ಷಿಕಾರಿಯನ್ನು ಅರವತ್ತಾರು ವರ್ಷದ ಬದುಕಿನಲ್ಲಿ ನಾನು ಇನ್ನೊಬ್ಬನನ್ನು ನೋಡಿಲ್ಲ. ಪುಣ್ಯಕ್ಕೆ ನೋಡಿಲ್ಲ. ದೊಡ್ಡ ಸೇತುವೆಯಾಚೆಯ ದಕ್ಷಿಣ ಸೀಮೆಯವನು. ಮೂವತ್ತು ವರ್ಷ ವಿಮೆ ಮಾರಿ, ನಿವೃತ್ತನಾಗಿ, ಹೆಂಡತಿಯ ತವರೆಂದು ಮಿಷಿಗನ್ನಿನ ಈ ಮೇಲ್ತುದಿಗೆ ಬಂದು ನೆಲೆಸಿದ. ಬಂದ ಮೊದಲ ವಾರವೇ ತಲೆಯಿಂದ ಕಾಲಿನವರೆಗೆ ಎಲೆಯ ಚಿತ್ರವಿರುವ ಬಟ್ಟೆ ಕೊಂಡ. ಅದನ್ನು ತೊಟ್ಟುಕೊಂಡು ಅಂಚೆ ಕಚೇರಿಗೆ ಹೋಗುತ್ತಿದ್ದ. ಅಂಚೆ ಕಚೇರಿಯಲ್ಲಿ ಯಾವ ಜಿಂಕೆಯ ಕಣ್ಣು ತಪ್ಪಿಸಬೇಕಿತ್ತೋ ಮಹಾಶಯನಿಗೆ!

ಇಂಥವನು ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಸೈಮಿಯ ಜೊತೆ ನನ್ನ ಅಡುಗೆಮನೆಗೆ ಬಂದು, ಹೆಗಲ ಮೇಲಿದ್ದ ಗೋಣಿಚೀಲವನ್ನು ಮೇಜಿನ ಮೇಲೆ ಸುರಿದ. ಜಿಂಕೆಯ ಕೊಂಬುಗಳು. ನಾನು ಆಗತಾನೇ ಒಲೆಯಿಂದ ತೆಗೆದಿಟ್ಟ ಏಲಕ್ಕಿ ಬನ್ನಿನ ಮೇಲೂ ಎರಡು ಬಿದ್ದವು.

"ಹತ್ತೊಂಬತ್ತು ಅಕ್ಕಾ, ಹತ್ತೊಂಬತ್ತು! ಎಲ್ಲಿ ಸಿಕ್ಕಿದ್ವು ಹೇಳಿ ನೋಡೋಣ?"

"ಸೀಡರ್ ಜೌಗಲ್ಲಿ," ಅಂದೆ.

ಅವನ ಮುಖ ಪೆಚ್ಚಾಯಿತು. "ನಿಮಗೆ ಹೇಗೆ ಗೊತ್ತಾಯ್ತು?"

ಹೇಗೆ ಗೊತ್ತಾಯ್ತಂತೆ! ನಮ್ಮ ಕಡೆ ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತು. ಬೇಸಿಗೆಯಲ್ಲಿ ಜಿಂಕೆಗಳು ಮೈಲಿಗಟ್ಟಲೆ ಚದುರಿರುತ್ತವೆ. ಶರತ್ಕಾಲಕ್ಕೆ ಬೀಚ್ ಮರದ ಕಾಯಿ ತಿನ್ನಲು ದಿಬ್ಬದ ಮೇಲಿರುತ್ತವೆ, ಗಂಡುಗಳು ಹೆಣ್ಣುಗಳ ಹಿಂದೆ ಬೀಳುವುದೂ ಅಲ್ಲೇ. ಹಿಮ ಮೊಣಕಾಲು ಮುಟ್ಟಿತೆಂದರೆ ಎಲ್ಲವೂ ಸಾಲು ಹಿಡಿದು ಏಳು ಮೈಲಿ ಇಳಿದು ಸೀಡರ್ ಜೌಗಿಗೆ ಬರುತ್ತವೆ. ಸೀಡರ್ ಮರಗಳ ಹೆಣಿಗೆಯಡಿ ಹಿಮ ಕಡಿಮೆ, ಗಾಳಿಯಿಲ್ಲ, ಎಟುಕಿದಷ್ಟು ಸೊಪ್ಪು. ಮೈಗೆ ಮೈ ತಾಗಿಸಿಕೊಂಡು, ಅರೆಹೊಟ್ಟೆಯಲ್ಲಿ, ಅಲ್ಲಿ ಚಳಿಗಾಲ ನೂಕುತ್ತವೆ. ಅದನ್ನೇ ನಾವು ದೊಡ್ಡಿ ಅನ್ನುವುದು. ಜನವರಿಯಲ್ಲಿ ಗಂಡುಗಳ ಕೊಂಬು ಉದುರುವುದು ಆ ದೊಡ್ಡಿಯೊಳಗೆ. ಹಿಮ ಕರಗಿದ ಮೇಲೆ ಅಲ್ಲಿ ಒಂದು ಜಿಂಕೆಯೂ ನಿಲ್ಲುವುದಿಲ್ಲ. ನವೆಂಬರ್ ಹದಿನೈದಕ್ಕೆ ಷಿಕಾರಿ ಶುರುವಾಗುವಾಗ ಆ ಜೌಗಿನಲ್ಲಿರುವುದು ಮೊಲ ಮತ್ತು ಕೆಸರು.

ಡ್ವೈಟನ ಲೆಕ್ಕ ಬೇರೆ. "ಹತ್ತೊಂಬತ್ತು ಕೊಂಬು ಒಂದೇ ಕಡೆ ಅಂದ್ರೆ ಗಂಡುಗಳ ವಾಸವೆಲ್ಲ ಅಲ್ಲೇ ಅಂತ ತಾನೇ ಅರ್ಥ? ಮಾವನವರು ಆ ಬೋಳು ದಿಬ್ಬದ ಮೇಲೆ ಯಾಕೆ ಬಿಡಾರ ಕಟ್ಟಿದ್ರೋ ಕಾಣೆ. ಜೌಗಿನ ಜಾಗ ಮಾರಾಟಕ್ಕಿದೆ ಅಕ್ಕಾ. ಬಿಡಾರ ಕೊಟ್ಟುಬಿಟ್ಟು ಅದನ್ನ ತಗೊಳ್ಳೋಣ. ಮಾಲೀಕ ಈ ವರ್ಷ ಅಲ್ಲಿ ಮರಸು ಕೂತು ಜಿಂಕೆ ಕಾಯೋಕೂ ಒಪ್ಪಿದ್ದಾನೆ."

ಸೈಮಿ ನನ್ನ ಮುಖ ನೋಡಿದಳು. ಅಪ್ಪ ಬಿಟ್ಟುಹೋದ ಆ ಷಿಕಾರಿ ಬಿಡಾರ ನಮ್ಮಿಬ್ಬರದು, ಮಾರಬೇಕೆಂದರೆ ಇಬ್ಬರ ಸಹಿಯೂ ಬೇಕು. ಪ್ರತಿ ವರ್ಷ ಬಿಡಾರಕ್ಕೆ ಬಂದರೂ ಅವಳದು ಬರೀ ಒಲೆಯ ಮುಂದಿನ ಷಿಕಾರಿ. ಗಂಡಿನ ಹೆಜ್ಜೆಗೂ ಹೆಣ್ಣಿನ ಹೆಜ್ಜೆಗೂ ವ್ಯತ್ಯಾಸ ತಿಳಿಯದವಳು, ದೊಡ್ಡಿ ಯಾವ ದಿಕ್ಕಿಗಿದೆ ಎಂದು ಒಂದು ದಿನವೂ ಕೇಳಿದವಳಲ್ಲ.

"ಅಕ್ಕ, ನಿಂಗೆ ಕಾಡು ಗೊತ್ತು. ಇವ್ರು ಹೇಳೋದು ಸರೀನಾ?"

ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಆ ಎಲೆ ಬಟ್ಟೆಯ ಮುಂಡೇದಕ್ಕೆ ನಾನು ಪಾಠ ಹೇಳಬೇಕೇ? ಅಪ್ಪ ಐವತ್ತು ವರ್ಷ ಕಾಲು ಸವೆಸಿ ಕಲಿತದ್ದನ್ನು ಬನ್ನು ತಿನ್ನುತ್ತಾ ಕೇಳಿಕೊಂಡು ಹೋಗಲು ಇವನ್ಯಾರು?

"ಹತ್ತೊಂಬತ್ತು ಕೊಂಬು ಸುಳ್ಳು ಹೇಳ್ತಾವಾ?" ಅಂದೆ. "ಒಂದು ಕೆಲ್ಸ ಮಾಡೋಣ. ಈ ವರ್ಷ ಬೀಗದ ಕೈ ಯಾರಿಗೆ ಬರುತ್ತೋ ಅವ್ರು ಹೇಳಿದ ಹಾಗೆ. ಡ್ವೈಟಿಗೆ ಬಂದ್ರೆ ನಾನು ಮರುಮಾತಿಲ್ದೆ ಸಹಿ ಹಾಕ್ತೀನಿ. ನಂಗೆ ಬಂದ್ರೆ ಮಾರೋ ಮಾತು ಇನ್ನು ಯಾರೂ ಎತ್ತಬಾರ್ದು."

ಬೀಗದ ಕೈ ಅಪ್ಪನ ಕಾಲದ ಕಟ್ಟಳೆ. ಷಿಕಾರಿಯ ಮೊದಲ ದಿನ ಮೊದಲ ಗಂಡು ಹೊಡೆದವರಿಗೆ ವರ್ಷಪೂರ್ತಿ ಬಿಡಾರದ ಬೀಗದ ಕೈ. ಹೊಡೆದವರ ಹೆಸರು ಮತ್ತು ಹೊಡೆದ ಜಾಗವನ್ನು ಬಾಗಿಲ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ನನ್ನ ಹೆಸರು ಅಲ್ಲಿ ಇಪ್ಪತ್ತಮೂರು ಕಡೆ ಇತ್ತು. ಕಟ್ಟಳೆ ಇನ್ನೊಂದೂ ಇತ್ತು: ದೊಡ್ಡಿಯೊಳಗೆ ಈಡು ಹಾರಿಸಬಾರದು. ಓಡಲಾರದೆ ನಿಂತದ್ದನ್ನು ಹೊಡೆಯುವುದು ಕೊಟ್ಟಿಗೆಗೆ ನುಗ್ಗಿ ಹಸು ಹೊಡೆದ ಹಾಗೆ ಎನ್ನುತ್ತಿದ್ದ ಅಪ್ಪ. ನನಗೆ ಹದಿನಾರಾಗಿದ್ದಾಗ ಒಂದು ಚಳಿಗಾಲದಲ್ಲಿ ವೈನೊ ಚಿಕ್ಕಪ್ಪ ಆ ಕೆಲಸ ಮಾಡಿದ. ಅಪ್ಪ ಒಡಹುಟ್ಟಿದವನೆಂದೂ ನೋಡಲಿಲ್ಲ. ಬಾಗಿಲ ಮೇಲೆ ಹನ್ನೊಂದು ಕಡೆ ಇದ್ದ ಅವನ ಹೆಸರನ್ನು ಚಾಕುವಿನಿಂದ ಕೆರೆದು ಹಾಕಿ, ಇನ್ನು ಇತ್ತ ಕಾಲಿಡಬೇಡ ಎಂದ. ಅಲ್ಲಿಂದ ಸಾಯುವವರೆಗೂ ಷಿಕಾರಿಯ ಮೊದಲ ದಿನ ಚಿಕ್ಕಪ್ಪ ಊರಿನ ಸಾರಾಯಿ ಅಂಗಡಿಯಲ್ಲಿ ಒಬ್ಬನೇ ಕೂತಿರುತ್ತಿದ್ದ. ಗಾಡಿಯಲ್ಲಿ ಹಾದು ಹೋಗುವಾಗ ನಾನು ಹಾರ್ನ್ ಹೊಡೆದು ನಗುತ್ತಿದ್ದೆ.

ಬೇಸಿಗೆಯಿಡೀ ಡ್ವೈಟ್ ಜೌಗಿನಲ್ಲಿ ಗೂಡು ಕಟ್ಟಿದ. ಮರಸು ಕೂರಲು ಮನುಷ್ಯನಿಗೆ ಒಂದು ದಿಮ್ಮಿ ಸಾಕು. ಇವನ ಗೂಡಿಗೆ ಗಾಜಿನ ಕಿಟಕಿ, ಗ್ಯಾಸ್ ಹೀಟರ್, ತಿರುಗುವ ಕುರ್ಚಿ. ಸೊಳ್ಳೆ ಕಚ್ಚಿ ಮುಖ ಆಲೂಗಡ್ಡೆಯಾಗಿತ್ತು. "ಇನ್ನೂ ಒಂದೂ ಕಂಡಿಲ್ಲ ಅಕ್ಕಾ. ಬಹಳ ಹುಷಾರು ಪ್ರಾಣಿಗಳು," ಎನ್ನುತ್ತಿದ್ದ. "ಹೌದಪ್ಪ, ಬಹಳ ಹುಷಾರು," ಎಂದು ನಾನು ತಲೆಯಾಡಿಸುತ್ತಿದ್ದೆ. ಮನೆಗೆ ಬಂದು ಬಿದ್ದು ಬಿದ್ದು ನಗುತ್ತಿದ್ದೆ. ಅಷ್ಟು ಸುಖದ ಬೇಸಿಗೆ ನನಗೆ ಗಂಡ ತೀರಿಕೊಂಡ ಮೇಲೆ ಬಂದಿರಲಿಲ್ಲ.

ನವೆಂಬರ್ ಹತ್ತಕ್ಕೆ ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ತಿರುಗಿತು. ಮೂರು ದಿನ ಬಿಡದೆ ಹಿಮ ಸುರಿಯಿತು. ಡಿಸೆಂಬರ್ ನಡುವೆ ಬರಬೇಕಾದದ್ದು ಒಂದು ತಿಂಗಳು ಮೊದಲೇ ಬಂದು ತೊಡೆಮಟ್ಟ ನಿಂತಿತು. ಆಗಲೇ ನನಗೆ ದೊಡ್ಡಿಯ ನೆನಪಾಗಿತ್ತು. ಗಂಡುಗಳ ಮದವಿನ್ನೂ ಇಳಿದಿಲ್ಲ, ಇಷ್ಟು ಬೇಗ ಎಲ್ಲಿ ಹೋಗುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ.

ಹದಿನೈದರ ಬೆಳಗ್ಗೆ ದಿಬ್ಬದಲ್ಲಿ ಅಪ್ಪ ಮರಸು ಕೂರುತ್ತಿದ್ದ ದಿಮ್ಮಿಯ ಮೇಲೆ ಕೋವಿ ಹಿಡಿದು ಕೂತೆ. ಬೆಳಕಾಯಿತು, ಎಂಟಾಯಿತು, ಒಂಬತ್ತಾಯಿತು. ನರಿಯೊಂದರ ಹೆಜ್ಜೆ ಬಿಟ್ಟರೆ ದಿಬ್ಬದ ಮೇಲೆ ಏನೂ ಇಲ್ಲ. ಎದ್ದು ಅಂಚಿನುದ್ದಕ್ಕೂ ನಡೆದಾಗ ಕಂಡಿತು: ಹಿಮದಲ್ಲಿ ಕಾಲುವೆ ತೋಡಿದಂತೆ ಒಂದೇ ಜಾಡು, ಅದರ ಮೇಲೆ ತೆಳ್ಳಗೆ ಹೊಸ ಹಿಮ. ಎರಡು ದಿನದ ಹಿಂದೆಯೇ ಹೋಗಿವೆ. ನೇರ ಉತ್ತರಕ್ಕೆ, ಜೌಗಿನ ಕಡೆಗೆ. ದಿಬ್ಬದ ಜಿಂಕೆಗಳೆಲ್ಲ ಡ್ವೈಟನ ತಿರುಗುವ ಕುರ್ಚಿಯ ಮುಂದೆ ಹೋಗಿ ನಿಂತಿದ್ದವು.

ಬಿಡಾರಕ್ಕೆ ಬಂದಾಗ ಸೈಮಿ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ಕಡುಬೊಂದನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ಇಷ್ಟು ಬೇಗ ಯಾಕೆ ಬಂದೆ? ಸಿಕ್ತಾ?"

"ಇಲ್ಲ ಕಣೆ. ಕೊಡಿಲ್ಲಿ, ನಿನ್ನ ಗಂಡನಿಗೆ ನಾನೇ ಕೊಟ್ಟು ಬರ್ತೀನಿ."

"ಅಯ್ಯೋ, ನಿಂಗೆ ಇವ್ರ ಮೇಲೆ ಯಾವಾಗಿಂದ ಇಷ್ಟು ಪ್ರೀತಿ ಬಂತು?" ಎಂದು ನಕ್ಕಳು.

ಪಾಸ್ಟಿ ಸೀಟಿನ ಮೇಲಿಟ್ಟುಕೊಂಡು ಏಳು ಮೈಲಿ ಗಾಡಿ ಓಡಿಸಿದೆ. ಕೋವಿಯನ್ನೂ ಹಾಕಿಕೊಂಡಿದ್ದೆ. ಯಾಕೆ ಎಂದು ಅಲ್ಲಿಯವರೆಗೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಜೌಗಿನ ಅಂಚಿನಲ್ಲಿ ಗಾಡಿ ಬಿಟ್ಟು ಒಳಗೆ ನಡೆದೆ. ನಲವತ್ತಾದರೂ ಇದ್ದವು. ತುಳಿದು ತುಳಿದು ಓಣಿ ಮಾಡಿಕೊಂಡು, ಡ್ವೈಟ್ ಕಿಟಕಿಗೆ ಅಡ್ಡವೆಂದು ಕಡಿದು ಬಿಸಾಕಿದ್ದ ಸೀಡರ್ ಕೊಂಬೆಗಳನ್ನೇ ಮೇಯುತ್ತಿದ್ದವು. ನಡುವೆ ಹತ್ತು ಕವಲಿನ ಗಂಡು. ನನ್ನನ್ನು ನೋಡಿತು, ಮತ್ತೆ ಬಾಯಿ ಹಾಕಿತು. ಗೂಡು ಅಲ್ಲಿಂದ ಮೂವತ್ತು ಹೆಜ್ಜೆ. ಅಲ್ಲಿಂದ ಸದ್ದೇ ಇಲ್ಲವಲ್ಲ ಎಂದು ಹಿಂದಿನಿಂದ ಹೋಗಿ ಇಣುಕಿದೆ. ಹೀಟರಿನ ಶಾಖಕ್ಕೆ ಗಾಜೆಲ್ಲ ಹಬೆ ಕಟ್ಟಿ ಹಾಲಿನಂತಾಗಿತ್ತು. ಮಹಾಶಯ ಕುರ್ಚಿಯಲ್ಲಿ ಕೂತು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಥೂ, ಇವನ ಜನ್ಮಕ್ಕಿಷ್ಟು!

ಕೂಗಿ ಎಬ್ಬಿಸಿ, "ಏಳೋ, ಇದು ದೊಡ್ಡಿ, ಇಲ್ಲಿ ಹೊಡೀಬಾರ್ದು," ಎನ್ನಬಹುದಿತ್ತು. ಪಾಸ್ಟಿ ಬಾಗಿಲ ಬಳಿ ಇಟ್ಟು ವಾಪಸು ಹೋಗಬಹುದಿತ್ತು. ಆದರೆ ಇವನು ಎದ್ದು ತೋಳಿನಿಂದ ಗಾಜು ಒರೆಸಿದರೆ ಸಾಕು, ಕಣ್ಣು ಮುಚ್ಚಿ ಹೊಡೆದರೂ ಒಂದು ಬೀಳುತ್ತದೆ. ಅಪ್ಪ ಕಡಿದು ಜೋಡಿಸಿದ ದಿಮ್ಮಿಗಳ ಬಿಡಾರ, ಅಪ್ಪನ ಹಬೆಸ್ನಾನದ ಸೌನಾ, ಆ ಬಾಗಿಲು, ಎಲ್ಲ ಗೊರಕೆ ಹೊಡೆದವನ ಪಾಲಾಗುತ್ತದೆ. ಕೋವಿ ಎತ್ತಿದೆ. ಗಂಡು ಸೊಪ್ಪು ಅಗಿಯುತ್ತಲೇ ಇತ್ತು. ಹೊಡೆದೆ.

ಉಳಿದವು ನಾಲ್ಕು ಹೆಜ್ಜೆ ನೆಗೆದು, ಎದೆಮಟ್ಟ ಹಿಮಕ್ಕೆ ಸಿಕ್ಕಿ ಅಲ್ಲೇ ನಿಂತವು.

ಡ್ವೈಟ್ ಗೂಡಿನಿಂದ ಬಿದ್ದು ಎದ್ದು ಬಂದ. ಬೈಯುತ್ತಾನೆ, ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡಿದ್ದೆ. "ಅಯ್ಯಯ್ಯೋ ಅಕ್ಕಾ! ಎಂಥ ಈಡು!" ಎಂದು ನನ್ನ ಕೈ ಹಿಡಿದು ಕುಲುಕಿದ. ಗಂಡನ್ನು ಹಗ್ಗ ಕಟ್ಟಿ ಗಾಡಿಯವರೆಗೂ ತಾನೇ ಎಳೆದು ತಂದ. ಪಾಸ್ಟಿಯಲ್ಲಿ ಅರ್ಧ ಮುರಿದು ನನಗೂ ಕೊಟ್ಟ. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಮೇಲಿಟ್ಟೆ.

ಬಿಡಾರದಲ್ಲಿ ನಾನು ಪೆನ್ಸಿಲ್ ಹಿಡಿದು ಬಾಗಿಲ ಮುಂದೆ ನಿಂತೆ. ಹೆಸರು ಬರೆದೆ. ಜಾಗದ ಹತ್ತಿರ ಕೈ ನಿಂತಿತು. ಹಿಂದೆ ಡ್ವೈಟ್ ಸೈಮಿಗೆ ವರದಿ ಒಪ್ಪಿಸುತ್ತಿದ್ದ.

"ನಲವತ್ತು ಸೈಮಿ, ನಲವತ್ತು! ಒಂದಕ್ಕೊಂದು ಒತ್ಕೊಂಡು ಸೀಡರ್ ಸೊಪ್ಪು ಮೇಯ್ತಾ ಇದ್ವು. ಈಡು ಬಿದ್ರೂ ಓಡ್ಲಿಲ್ಲ ಕಣೆ, ಪಾಪ, ಹಾಗೇ ನಿಂತಿದ್ವು. ನಾನು ಏಪ್ರಿಲ್‌ನಲ್ಲೇ ಹೇಳಿರ್ಲಿಲ್ವಾ, ವಾಸವೆಲ್ಲ ಅಲ್ಲೇ ಅಂತ!"

ಸೈಮಿ ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಿದಳು.

"ಅಕ್ಕ, ಅದು ದೊಡ್ಡಿನಾ?"

ನಾನು ತಿರುಗಲಿಲ್ಲ. "ಹೂಂ."

"ಅಂದ್ರೆ ಕೊಂಬು ಅಲ್ಲಿ ಬಿದ್ದಿದ್ದು ಚಳಿಗಾಲದಲ್ಲಿ. ನಿಂಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು. ಬಾಯಿಬಿಟ್ಟು ಕೇಳಿದ್ದೆ ನಿನ್ನ."

"ಹೂಂ, ಕೇಳಿದ್ದೆ."

ಹೆಜ್ಜೆ ಗುರುತು ತಿಳಿಯದವಳು ಎದ್ದು ಬಂದು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಆಲೂಗಡ್ಡೆ ಹೆರೆಯುತ್ತಿದ್ದ ಚಾಕು ಕೊಟ್ಟಳು. "ನೀನೇ ಕೆರೀತೀಯೋ, ನಾನು ಕೆರೀಲೋ?" ಅಂದಳು. ಅವಳ ದನಿ ಅಪ್ಪನ ದನಿಯ ಹಾಗೇ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾನೇ ಕೆರೆದೆ. ಹೊಸದೂ ಸೇರಿ ಇಪ್ಪತ್ತನಾಲ್ಕು ಕಡೆ. ಹಳೆಯ ಪೆನ್ಸಿಲ್ ಮರದೊಳಕ್ಕೆ ಇಳಿದುಬಿಟ್ಟಿರುತ್ತದೆ, ಸುಲಭವಾಗಿ ಹೋಗುವುದಿಲ್ಲ. ಡ್ವೈಟ್ "ಏನಾಯ್ತು? ಯಾಕೆ?" ಎಂದು ಇಬ್ಬರ ಮುಖವನ್ನೂ ಮಿಕಿ ಮಿಕಿ ನೋಡುತ್ತಿದ್ದ. ಸೈಮಿ ಬೀಗದ ಕೈಯನ್ನು ಒಲೆಯ ಮೇಲಿನ ಮೊಳೆಗೆ ನೇತು ಹಾಕಿದಳು. "ಈ ವರ್ಷ ಇದು ಯಾರದೂ ಅಲ್ಲ. ಬಿಡಾರ ಮಾರೋದೂ ಇಲ್ಲ, ಕೇಳಿಸ್ತೇನ್ರೀ? ಅಕ್ಕ, ಅಪ್ಪನ ಕಟ್ಟಳೆ ನಿಂಗೂ ಒಂದೇ. ಕತ್ತಲಾಗೋ ಮುಂಚೆ ಹೊರಡು. ದಾರೀಲಿ ಹಿಮ ಇದೆ."

ಬಿಡಾರ ಉಳಿಯಿತು. ನನಗೆ ಬೇಕಾದದ್ದೂ ಅದೇ ತಾನೇ?

ಗಾಡಿ ಹತ್ತಿ ಕೂತಾಗ ಡ್ವೈಟ್ ನನ್ನ ಕೋಟು ಹಿಡಿದು ಓಡಿ ಬಂದ. ಕಿಟಕಿಯ ಮೇಲೆ ಮೊಣಕೈ ಊರಿ, ಜೇಬಿನಿಂದ ಸಣ್ಣ ಪುಸ್ತಕ ತೆಗೆದ. "ಸೈಮಿ ಏನೂ ಹೇಳ್ತಿಲ್ಲ. ನೀವಾದ್ರೂ ಹೇಳಿ ಅಕ್ಕಾ, ನಾನೇನು ತಪ್ಪು ಮಾಡ್ದೆ?"

ಆಗ ಹೇಳಿದೆ. ಬೈದುಕೊಂಡೇ ಹೇಳಿದೆ. "ಅಲ್ಲಯ್ಯಾ, ಕೊಂಬು ಎಲ್ಲಿ ಉದುರುತ್ತೋ ಅಲ್ಲೇ ವರ್ಷವೆಲ್ಲ ಇರ್ತಾವೆ ಅನ್ಕೊಂಡ್ಯಲ್ಲ, ನಿನ್ನ ತಲೇಲಿ ಏನಿದೆ?" ಎಂದು ಶುರು ಮಾಡಿ, ಬೇಸಿಗೆ, ಬೀಚ್ ಕಾಯಿ, ಮೊದಲ ಹಿಮ, ದೊಡ್ಡಿ, ಅಪ್ಪನ ಕಟ್ಟಳೆ, ವೈನೊ ಚಿಕ್ಕಪ್ಪ, ಎಲ್ಲವನ್ನೂ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಅವನು ಶಾಲೆಯ ಹುಡುಗನ ಹಾಗೆ ಬರೆದುಕೊಂಡ.

"ಇಷ್ಟೇನಾ?" ಅಂದ. "ಏಪ್ರಿಲ್‌ನಲ್ಲಿ ಇದನ್ನೇ ಹೇಳಿದ್ರೆ ನಾನು ಆ ಜೌಗಿನ ಕಡೆ ತಲೆ ಹಾಕಿಯೂ ಮಲಗ್ತಿರ್ಲಿಲ್ವಲ್ಲ ಅಕ್ಕಾ."

ಚುಚ್ಚಿ ಹೇಳಿದ್ದಲ್ಲ. ಆ ಪೆದ್ದನಿಗೆ ಚುಚ್ಚಲೂ ಬರುವುದಿಲ್ಲ. ಹಾಳೆ ತಿರುಗಿಸಿ ಮತ್ತೆ ಕೇಳಿದ: "ಬೀಚ್ ಮರ ಅಂದ್ರೆ ಯಾವ್ದು? ಬರೋ ವರ್ಷ ಬಂದಾಗ ತೋರಿಸ್ತೀರಾ?"

ಮರ ಬಿಡಾರದ ಹಿತ್ತಿಲಲ್ಲೇ ಇತ್ತು, ಸೌನಾದ ಪಕ್ಕ. ಕೂತಲ್ಲಿಂದಲೇ ನನಗೆ ಅದರ ತುದಿ ಕಾಣುತ್ತಿತ್ತು.

"ಸೈಮಿನ ಕೇಳು," ಅಂದೆ. "ಅವಳು ತೋರಿಸ್ತಾಳೆ."