ಸದ್ದಿಲ್ಲದ ಕೋಣೆಯಲ್ಲಿ ಹೊಟ್ಟೆಯ ಸದ್ದು

ಆರು ತಿಂಗಳು ತುಂಬುವ ಹೊತ್ತಿಗೆ ಅವಳ ಹೊಟ್ಟೆ ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು. ಉಂಡರೆ ಎದೆಯುರಿ, ಉಣ್ಣದಿದ್ದರೆ ಸಂಕಟ, ಮಲಗಿದರೆ ಹುಳಿತೇಗು. ಬೆಳಿಗ್ಗೆ ಕಕ್ಕಸಿನಲ್ಲಿ ತಪಸ್ಸಿಗೆ ಕೂತವಳು ಬಂದ ದಾರಿಗೆ ಸುಂಕವಿಲ್ಲವೆಂದು ಎದ್ದು ಬರುತ್ತಿದ್ದಳು.

ಸ್ವಲ್ಪ ಸ್ವಲ್ಪವೇ ತಿನ್ನಿ, ನೀರು ಚೆನ್ನಾಗಿ ಕುಡಿಯಿರಿ, ಉಂಡ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಅತ್ತೆಯ ವೈದ್ಯವೇ ಬೇರೆ.

"ಎರಡು ಜೀವ ಕಣಮ್ಮ, ಎರಡು ಜೀವದ ಊಟ ಮಾಡು."

"ಒಳಗಿರೋದು ಅಂಗೈಯಗಲದ ಜೀವ ಅತ್ತೆ!"

"ಅಂಗೈಯಗಲ ಆದ್ರೇನು, ನಮ್ಮನೆ ಮಗು. ತಿನ್ನುತ್ತೆ."

ಪ್ರೀತಿಗೆ ಎದುರಾಡುವುದು ಹೇಗೆ? ತಟ್ಟೆ ಖಾಲಿ ಮಾಡಿ ಏದುಸಿರು ಬಿಡುತ್ತ ಕೆಲಸಕ್ಕೆ ಹೊರಡುತ್ತಿದ್ದಳು.

ಅವಳ ಕೆಲಸವೋ, ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಗೋಡೆಗೆಲ್ಲ ಸ್ಪಂಜು ಹೊದಿಸಿದ, ಸೂಜಿ ಬಿದ್ದರೂ ಕೇಳಿಸುವ ಪುಟ್ಟ ಕೋಣೆ. ಬಂದವರು ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಸದ್ದು ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದರೆ ಹೊರಗೆ ಅವಳ ಮೇಜಿನ ಮೇಲಿನ ಮಷಿನ್‌ನಲ್ಲಿ ಹಸಿರು ದೀಪ ಹತ್ತುತ್ತದೆ.

ಒಂದು ಬೆಳಿಗ್ಗೆ ಅಜ್ಜಿಯೊಬ್ಬಳು ಗಂಡನನ್ನು ಎಳೆದುಕೊಂಡು ಬಂದಳು. ಆತ ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದವನು.

"ಇವ್ರಿಗೆ ಕಿವೀನೇ ಕೇಳ್ಸಲ್ಲ ಕಣಮ್ಮ. ಬಟ್ಟೆ ಒಣಗಿಸಿ ಅಂದ್ರೆ ಕೇಳ್ಸಲ್ಲ, ಕಸ ಹಾಕಿ ಬನ್ನಿ ಅಂದ್ರೂ ಕೇಳ್ಸಲ್ಲ."

ಅಜ್ಜ ಚಾವಣಿ ನೋಡುತ್ತ ಮುಗುಳ್ನಗುತ್ತಿದ್ದ.

ಒಬ್ಬನನ್ನೇ ಕೂಡಿಹಾಕಬೇಡಿ ಎಂದು ಆತ ಹಟ ಹಿಡಿದದ್ದರಿಂದ ಮಷಿನ್ ಒಳಗೆ ತಂದಿಟ್ಟುಕೊಂಡು ಮೂವರೂ ಒಳಗೇ ಕೂತರು. ಅವಳು ಸಣ್ಣ ಸದ್ದು ಬಿಟ್ಟಳು. ದೀಪ ಹತ್ತಲಿಲ್ಲ. ದೊಡ್ಡ ಸದ್ದು ಬಿಟ್ಟಳು. ಅಜ್ಜ ಕಲ್ಲಿನಂತೆ ಕೂತಿದ್ದ. ಪಾಪ, ಪೂರ್ತಿ ಕಿವುಡು ಎಂದುಕೊಂಡು ಮಷಿನ್ ನಿಲ್ಲಿಸಿದಳು. ಅದೇ ಹೊತ್ತಿಗೆ ಅವಳ ಹೊಟ್ಟೆ, ‘ಗುರ್ರ್... ಗುಳುಗುಳು’ ಎಂದಿತು.

ದೀಪ ಹತ್ತಿತು.

ಅವಳು ಕಣ್ಣುಜ್ಜಿಕೊಂಡಳು. ‘ಗೊಳ್ಳ್’ ಎಂದಿತು ಹೊಟ್ಟೆ, ಮತ್ತೆ ದೀಪ. ವೈರು ಅಲುಗಾಡಿಸಿ ನೋಡಿದಳು. ಅಂಗೈ ಅಡ್ಡ ಹಿಡಿದು ತೇಗೊಂದನ್ನು ನುಂಗಿದರೆ ಅದಕ್ಕೂ ದೀಪ! ಅಷ್ಟರಲ್ಲಿ ಹೊಟ್ಟೆ ಗೇರು ಬದಲಿಸಿ ದೀರ್ಘವಾಗಿ ಮೊರೆಯಿತು. ಅಜ್ಜ ಗಾಬರಿಯಿಂದ ಹೆಡ್‌ಫೋನ್ ಕಿತ್ತ.

"ಅಯ್ಯೋ, ಯಾವ ಗಾಡೀನಮ್ಮ ಅದು? ಮೊದ್ಲು ಆಫ್ ಮಾಡ್ಸು, ರೇಡಿಯೇಟರ್ ಕುದೀತಿದೆ!"

ಮೂಲೆಯಲ್ಲಿದ್ದ ಅಜ್ಜಿ ಮೆಲ್ಲಗೆ ಎದ್ದು ಪಿಸುಗುಟ್ಟಿದಳು: "ಅದು ಕೇಳಿಸ್ತಾ ನಿಮಗೆ?"

"ಹೂಂ ಮತ್ತೆ! ಇಂಜಿನ್ ಸದ್ದಿಗೆ ಕೈ ತಾನಾಗೇ ಗುಂಡಿ ಒತ್ತುತ್ತೆ," ಎಂದ ಅಜ್ಜ, ನಾಲಿಗೆ ಕಚ್ಚಿಕೊಂಡ.

"ನಿಮ್ಮನ್ನ ಮನೇಲಿ ವಿಚಾರಿಸ್ಕೋತೀನಿ," ಎಂದು ಗಂಡನಿಗೆ ಹೇಳಿ ಅಜ್ಜಿ ಇವಳತ್ತ ತಿರುಗಿದಳು. "ಏನು ತಿಂದ್ಯೇ ಮಗಳೇ?"

ನಾಚಿಕೆಯಿಂದ ಮುಖ ಕೆಂಪಾಗಿದ್ದರೂ ಅಜ್ಜನ ಪೆಚ್ಚುಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕಳು. ಬಸುರಿ ನಗುವ ಮುನ್ನ ಯೋಚಿಸಬೇಕೆಂದು ಆಗ ಗೊತ್ತಾಯಿತು. ಕೋಣೆಯಲ್ಲಿ ಇನ್ನೊಂದು ಸದ್ದಾಯಿತು, ಈ ಸಲ ಬೇರೆ ದಿಕ್ಕಿನಿಂದ.

ಅಜ್ಜ ಮತ್ತೆ ಚಾವಣಿಯತ್ತ ಮುಖ ಮಾಡಿದ.

"ನಂಗಂತೂ ಏನೂ ಕೇಳ್ಸಲಿಲ್ಲಪ್ಪ," ಎಂದ ಅಜ್ಜ.

ಮತ್ತೆ ಪರೀಕ್ಷಿಸಿದಾಗ ಸಣ್ಣ ಸದ್ದಿಗೂ ದೀಪ ಹತ್ತಿತು, ಕಿವಿ ಚೆನ್ನಾಗಿದೆ ಎಂದೇ ಅವಳು ಬರೆದುಕೊಟ್ಟಳು. ಡಾಕ್ಟರ ಸಲಹೆ, ಅತ್ತೆಯ ಊಟ ಎಲ್ಲವನ್ನೂ ಅವಳ ಬಾಯಿಂದ ಕೇಳಿ ತಿಳಿದುಕೊಂಡ ಅಜ್ಜಿ ಹೋಗುವಾಗ, "ಆ ಡಾಕ್ಟರ ಮಾತು ಕೇಳೇ, ಅತ್ತೇನ ಜೊತೇಲಿ ನಡೆಸು," ಎಂದಳು.

ಸಂಜೆ ನಡೆದದ್ದನ್ನೆಲ್ಲ ಹೇಳಿದಾಗ ಅತ್ತೆ ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಆಮೇಲೆ ಸಪ್ಪಗಾದರು. "ನನ್ನ ಬಡಿಸೋ ಕೈ ಇಷ್ಟೆಲ್ಲ ಮಾಡ್ತಾ?" ಎಂದರು. ಮರುದಿನದಿಂದ ತಟ್ಟೆ ಚಿಕ್ಕದಾಯಿತು, ಹೊತ್ತುಹೊತ್ತಿಗೆ ಒಂದಿಷ್ಟೇ ಊಟ. ಉಂಡ ಮೇಲೆ ಇಬ್ಬರೂ ಬೀದಿ ಸುತ್ತತೊಡಗಿದರು.

ಎದೆಯುರಿ ಪೂರ್ತಿ ಹೋಗಲಿಲ್ಲ, ನಿದ್ದೆ ಹತ್ತುವಷ್ಟು ತಗ್ಗಿತು. ಅತ್ತೆಗಂತೂ ನಡೆಯುವ ಹುಚ್ಚೇ ಹಿಡಿಯಿತು. ಮಂಡಿನೋವು ಹಗುರಾಯಿತೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಸಾರುತ್ತ, ಸೆರಗು ಸಿಕ್ಕಿಸಿಕೊಂಡು ಮುಂದೆ ಮುಂದೆ ಹೋಗಿಬಿಡುತ್ತಿದ್ದರು.

"ನಿಧಾನ ಅತ್ತೆ!" ಸೊಂಟಕ್ಕೆ ಕೈಕೊಟ್ಟು ಇವಳು ಹಿಂದಿನಿಂದ ಕೂಗುತ್ತಿದ್ದಳು. "ಬಸುರಿ ನಾನು!"