ಫಾಲ್ಸ್ ಹಾಕದ ಸೀರೆ

ಯಮುನಾಗೆ ಮೈಯೆಲ್ಲ ಉರಿಯುತ್ತಿತ್ತು. ಉಪ್ಪಾರಪೇಟೆಯ ಟ್ರಾವೆಲ್ಸ್ ಆಫೀಸಿನಲ್ಲಿ ಕೂತು, ತನಗೆ ಸ್ವಿಟ್ಜರ್ಲೆಂಡಿನ ವೀಸಾ ಯಾಕೆ ಕೊಡಲಿಲ್ಲ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

"ನೀವು ವಾಪಸ್ ಬರ್ತೀರ ಅಂತ ಅವ್ರಿಗೆ ನಂಬ್ಕೆ ಬಂದಿಲ್ಲ ಮೇಡಂ," ಎಂದ ಏಜೆಂಟ್ ಮುತ್ತುರಾಜ್. "ಗಂಡ ಮಕ್ಳಿಲ್ಲ, ಸಂಬಳದ ಕೆಲ್ಸ ಇಲ್ಲ, ಆಸ್ತೀನೂ ಇಲ್ಲ. ಏನಂತ ತೋರ್ಸೋದು?"

"ಮಾವಳ್ಳೀಲಿ ಮನೆ ಇದೆ ಕಣ್ರೀ! ನಾನು ಹುಟ್ಟಿದ್ದೇ ಅಲ್ಲಿ!"

"ನಿಮ್ ಹೆಸ್ರಲ್ಲಿದ್ಯಾ? ಪತ್ರ ತನ್ನಿ, ಇನ್ನೊಂದ್ಸಲ ಅರ್ಜಿ ಹಾಕೋಣ."

ಪಕ್ಕದಲ್ಲಿ ಗೆಳತಿ ಆಂಡಾಳ್ ತಲೆ ತಗ್ಗಿಸಿದ್ದಳು. ಜೊತೆಯಲ್ಲಿ ಹಿಮ ನೋಡಬೇಕೆಂದು ಹೈಸ್ಕೂಲಿನಿಂದಲೂ ಆಸೆಪಟ್ಟವರು ಇಬ್ಬರೂ. ಆಂಡಾಳ್ ಹೆಸರಿನಲ್ಲಿ ಮಲ್ಲೇಶ್ವರದಲ್ಲಿ ಮನೆಯಿತ್ತು. ಅವಳಿಗೆ ವೀಸಾ ಬಂದಿತ್ತು.

ಬಸ್ಸಿನಲ್ಲಿ ಯಮುನಾ ಆ ವೀಸಾ ಆಫೀಸರನಿಗೆ ಹಿಡಿಶಾಪ ಹಾಕಿದಳು. ಹಾಸಿಗೆ ಹಿಡಿದಿದ್ದ ಅಮ್ಮನನ್ನು ಕೊನೆಯವರೆಗೂ ನೋಡಿಕೊಳ್ಳಲು ಮದುವೆಯನ್ನೇ ಬಿಟ್ಟವಳು ಆ ಮನೆ ಬಿಟ್ಟು ಓಡಿಹೋಗುತ್ತಾಳಂತೆ! ಮಿನರ್ವ ಸರ್ಕಲ್ ದಾಟುವಾಗ ಸಿಟ್ಟು ಬೇರೆ ಕಡೆ ತಿರುಗಿತು. ಪಾಪ, ಆ ಆಫೀಸರ್ ಸುಳ್ಳೇನು ಹೇಳಿದ್ದ? ಅಪ್ಪ ತೀರಿಕೊಂಡ ವರ್ಷವೇ ತಮ್ಮ ಗೌರೀಶ್ ಅವಳನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು, ಮನೆಯಲ್ಲಿ ಅವಳಿಗೆ ಪಾಲು ಬೇಡವೆಂದು ಸಹಿ ಹಾಕಿಸಿಕೊಂಡಿದ್ದ. ಅವರ ಕಡೆ ಹೆಣ್ಣುಮಕ್ಕಳು ಹಾಗೆ ಬಿಟ್ಟುಕೊಡುವುದೇ ರೂಢಿ. ಬದಲಿಗೆ ಅರಿಶಿನ ಕುಂಕುಮ, ಒಂದು ಸೀರೆ. "ಹೆಸ್ರು ಯಾರ್ದಾದ್ರೇನು, ಮನೆ ನಿಂದೇ ಅಲ್ವೇನಕ್ಕಾ" ಎಂದಿದ್ದ. ಅವಳೂ ಹೂಂ ಅಂದಿದ್ದಳು, ಪೆದ್ದಿ!

ಗೌರೀಶ್ ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದ. ವಿಷಯ ಕೇಳಿ ಅವಳಿಗಿಂತ ಜೋರಾಗಿ ರೇಗಿದ.

"ಅವ್ರ ತಲೆ! ಬಿಡಕ್ಕ, ನಾನೇ ಲೆಟರ್ ಕೊಡ್ತೀನಿ. ಇವ್ರು ನಮ್ಮಕ್ಕ, ನನ್ ಮನೇಲೇ ಇಟ್ಕೊಂಡಿದೀನಿ, ಎಲ್ಲೂ ಓಡೋಗಲ್ಲ ಅಂತ."

"ಯಾರ್ ಮನೇಲಿ?"

ಗೌರೀಶನ ಮುಖ ಕಪ್ಪಿಟ್ಟಿತು. ಅವನ ಹೆಂಡತಿ ಪ್ರತಿಭಾ ಅಡುಗೆಮನೆಯಿಂದ ಇಣುಕಿ ಹಾಗೇ ಒಳಸರಿದಳು.

"ಅಯ್ಯೋ, ಏನೋ ಬಾಯ್ತಪ್ಪಿ ಬಂತು ಬಿಡಕ್ಕ."

"ಬಾಯಲ್ಲಿ ನಂದು, ಪತ್ರದಲ್ಲಿ ನಿಂದು! ನನ್ ಹೆಸ್ರಲ್ಲಿ ಇಲ್ಲಿ ಏನೂ ಇಲ್ಲ ಅಂತ ಎಲ್ಲೋ ಕೂತಿರೋನು ಬಂದು ಹೇಳ್ಬೇಕಾಯ್ತು ನಂಗೆ!"

ಒಳಗೆ ಹೋಗಿ ಬೀರುವಿನ ತಳದಿಂದ ಆ ಸೀರೆ ಎಳೆದಳು. ಮಾವಳ್ಳಿಯ ಹೆಂಗಸರ ಸೀರೆಗಳಿಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿಯೇ ಅವಳು ನಾಲ್ಕು ಕಾಸು ಕಂಡವಳು. ಈ ಒಂದು ಸೀರೆಗೆ ಮಾತ್ರ ಇವತ್ತಿನವರೆಗೂ ಸೂಜಿ ತಾಗಿಸಲು ಮನಸ್ಸು ಬಂದಿರಲಿಲ್ಲ. ತಂದು ತಮ್ಮನ ತೊಡೆಯ ಮೇಲೆ ಎಸೆದಳು.

"ತಗೋ, ಮಡಿಕೆ ಕೂಡ ಬಿಚ್ಚಿಲ್ಲ. ನನ್ ಪಾಲು ನಂಗೆ ಬರ್ಕೊಡು."

ಗೌರೀಶನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಈ ವಯಸ್ಸಲ್ಲಿ ಪಾಲು ತಗೊಂಡು ಎಲ್ಲಿಗಕ್ಕಾ ಹೋಗ್ತೀಯ?"

"ವಾಪಸ್ ಬರೋಕೆ ಕಣೋ," ಎಂದಳು ಯಮುನಾ.