ನೆಲ ಮುಟ್ಟದ ಪೈಲ್ವಾನ

ನಾನು ಒಂದು ತಾಡಪತ್ರಿ. ದಪ್ಪ ಹತ್ತಿ ನೂಲಿನಿಂದ ನೇಯ್ದು, ಮೇಣ ಬಳಿದು, ಅಂಚಿಗೆ ಹಿತ್ತಾಳೆಯ ಬಳೆ ಹೊಡೆದು ನನ್ನನ್ನು ಮಾಡಿದರು. ಮೊದಲು ಲಾರಿಯೊಂದರಲ್ಲಿ ಮೆಕ್ಕೆಜೋಳದ ಮೂಟೆಗಳ ಮೇಲೆ ಮಲಗಿ ಊರೂರು ಸುತ್ತಿದೆ. ಆಗ ನಾನು ಮೇಲಿದ್ದೆ, ಜಗತ್ತು ಕೆಳಗಿತ್ತು. ಆ ಸೊಕ್ಕು ಬಹಳ ದಿನ ಉಳಿಯಲಿಲ್ಲ. ಲಾರಿಯವನು ನನ್ನನ್ನು ದತ್ತಣ್ಣನಿಗೆ ಮಾರಿದ.

ದತ್ತಣ್ಣನದು ಕುಸ್ತಿ ಕಂಪನಿ. ಟಿಕೆಟ್ ಇಟ್ಟು ಆಡಿಸುವ ಕುಸ್ತಿ, ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತುಮಾಡಿದ ಕುಸ್ತಿ. ಡೇರೆಯೊಳಗೆ ಹಲಗೆಯ ಅಟ್ಟದ ಮೇಲೆ ಹುಲ್ಲು ಹರಡಿ, ಅದರ ಮೇಲೆ ನನ್ನನ್ನು ಬಿಗಿದು, ಸುತ್ತ ಹಗ್ಗ ಎಳೆದರೆ ಕಣ ಸಿದ್ಧ. ಅಂದಿನಿಂದ ನಾನು ಮನುಷ್ಯರನ್ನು ಅಂಗಾಲಿನ ಕಡೆಯಿಂದ ನೋಡುತ್ತಾ ಬಂದೆ. ಮುಖ ಸುಳ್ಳು ಹೇಳಬಹುದು, ಬೀಳುವ ಮೈ ಹೇಳುವುದಿಲ್ಲ. ಯಾರು ಬೇಕೆಂದೇ ಬಿದ್ದರು, ಯಾರಿಗೆ ನಿಜವಾಗಿ ಪೆಟ್ಟಾಯಿತು ಎನ್ನುವುದು ನನಗೆ ಗೊತ್ತಾಗುತ್ತಿತ್ತು.

ಕಂಪನಿಯ ಕಣ್ಮಣಿ ಬಕ್ಕೇಶ. ದಾವಣಗೆರೆಯ ಗರಡಿಯಲ್ಲಿ ವಸ್ತಾದಿ ಪರಸಪ್ಪನವರ ಕೈಕೆಳಗೆ ಬೆಳೆದವನು. ಮೊಣಕಾಲು ಕೆಟ್ಟು ಮಣ್ಣಿನ ಕುಸ್ತಿ ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದ. ಹಗ್ಗ ದಾಟಿದ ಕೂಡಲೇ ಬಗ್ಗಿ ಬೆರಳಿನಿಂದ ನನ್ನನ್ನು ಮುಟ್ಟಿ, ಆ ಬೆರಳನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದ. ಅದು ಗರಡಿಯಲ್ಲಿ ಕೆಮ್ಮಣ್ಣಿಗೆ ಮಾಡುವ ನಮಸ್ಕಾರ. ಮೂಟೆ ಮುಚ್ಚುತ್ತಿದ್ದ ನನಗೆ ಅಂಥ ಮರ್ಯಾದೆಯನ್ನು ಯಾರು ಕೊಟ್ಟಿದ್ದರು? ಅವನೆಂದರೆ ನನಗೆ ಜೀವ.

ಆದರೆ ಗೆದ್ದವನೇ ಗೆಲ್ಲುತ್ತಿದ್ದರೆ ನೋಡಲು ಯಾರು ಬರುತ್ತಾರೆ? ಜನ ಕಡಿಮೆಯಾದರು. ಒಂದು ಸಂಜೆ ದತ್ತಣ್ಣ ಅವನನ್ನು ಕಣದಲ್ಲೇ ಕೂರಿಸಿಕೊಂಡು ಹೇಳಿದ.

"ಇನ್ಮ್ಯಾಲೆ ನೀನು ವಿಲನ್ ಆಗ್ಬೇಕಪ್ಪ. ಜನ ನಿನ್ನ ಬೈದ್ರೆ ಕಂಪನಿಯಾಗ ಇರ್ತಿ. ಇಲ್ಲಂದ್ರೆ ಬ್ಯಾರೆ ಕೆಲಸ ನೋಡ್ಕೋ."

ಕೆಟ್ಟ ಮೊಣಕಾಲಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಬಕ್ಕೇಶ ಒಪ್ಪಿದ. ಕರಿ ಚಡ್ಡಿ ಹಾಕಿದ, ಮೀಸೆ ಹುರಿಮಾಡಿದ, ಎದುರಾಳಿಯ ಕಣ್ಣಿಗೆ ಖಾರದ ಪುಡಿ ಎರಚಿದ. ಅದು ಇಟ್ಟಿಗೆ ಪುಡಿ ಎಂದು ನನಗೆ ಗೊತ್ತು, ಉಳಿದದ್ದೆಲ್ಲ ನನ್ನ ಮೇಲೇ ಬಿತ್ತಲ್ಲ. ಜನ ಶಿಳ್ಳೆ ಹೊಡೆದು, "ಬಕ್ಕೇಶಣ್ಣ, ಇನ್ನೊಂದೀಟು ಹಾಕು" ಎಂದರು. ಬೆಕ್ಕಿಗೆ ಹುಲಿವೇಷ ಕಟ್ಟಿದ ಹಾಗಾಯಿತು.

ದತ್ತಣ್ಣನಿಗೆ ಕಾರಣ ಹೊಳೆಯಿತು. "ಮೊದ್ಲು ನೆಲ ಮುಟ್ಟಿ ಹಣಿಗೆ ಒತ್ಕಂತಿ. ಆಮ್ಯಾಲೆ ನೀ ಕಚ್ಚಿದ್ರೂ ಜನ ಮುತ್ತು ಕೊಟ್ಟ ಅಂತಾರೆ. ಅದನ್ನ ಬಿಡು."

"ಕೈ ತಾನೇ ಹೋಕ್ಕೈತಣ್ಣ."

"ಹಂಗಾದ್ರೆ ಕೈ ಬಿಟ್ಟು ಬಾಯಿಗೆ ಕೆಲಸ ಕೊಡು."

ಮುಂದಿನ ಆಟ ದಾವಣಗೆರೆಯಲ್ಲೇ. ಮುಂದಿನ ಸಾಲಿನಲ್ಲಿ ವಸ್ತಾದಿ ಪರಸಪ್ಪ ಕೂತಿದ್ದರು. ಹಗ್ಗ ದಾಟಿ ಬಂದ ಬಕ್ಕೇಶ ಅಭ್ಯಾಸದಂತೆ ಬಗ್ಗಿದ. ಬೆರಳು ನನ್ನಿಂದ ಒಂದು ಗೇಣು ಮೇಲೆ ನಿಂತಿತು. ಆಮೇಲೆ ನೆಟ್ಟಗಾಗಿ, ಬಾಯಿ ತುಂಬ ಉಗುಳಿದ. ನನ್ನ ಮೇಲೆ. ಡೇರೆಯ ಜನರೆಲ್ಲ ಎದ್ದು ನಿಂತರು. ಆಮೇಲೆ ಚಪ್ಪಲಿ ಬಿದ್ದವು, ಕಲ್ಲು ಬಿದ್ದವು, ಅವನ ಹೆತ್ತವರನ್ನೂ ಬೈದರು.

"ಪಾಸಾದ್ಯಲ್ಲೋ ಬಕ್ಕೇಶಿ" ಎಂದು ದತ್ತಣ್ಣ ಬೆನ್ನು ತಟ್ಟಿದ.

ಜನ ಹೋದ ಮೇಲೆ ಬಕ್ಕೇಶ ಟವಲು ಒದ್ದೆ ಮಾಡಿ ತಂದು, ಮೊಣಕಾಲೂರಿ ನನ್ನನ್ನು ಒರೆಸತೊಡಗಿದ. ವಸ್ತಾದಿ ಇನ್ನೂ ಹೋಗಿರಲಿಲ್ಲ. ಕಣದ ಹತ್ತಿರ ಬಂದು ನಿಂತರು.

"ಆಟ ವಸ್ತಾದ್ರೇ ಅದು" ಎಂದ ಬಕ್ಕೇಶ. ತಲೆ ಎತ್ತಲಿಲ್ಲ.

"ಆಟ ಅಂತ ನನಗೂ ಗೊತ್ತೈತಿ. ಹೊಡೆದಿದ್ದು ಸುಳ್ಳು, ಬಿದ್ದಿದ್ದು ಸುಳ್ಳು. ಉಗುಳಿದ್ದು ಖರೇನೇ ಐತಲ್ಲಪ್ಪ. ಗರಡಿ ಒಳಗೆ ಇನ್ನು ಕಾಲಿಡಬ್ಯಾಡ."

ಅವರು ಹೋದ ಮೇಲೂ ಬಕ್ಕೇಶ ಒರೆಸಿದ ಜಾಗವನ್ನೇ ಒರೆಸುತ್ತಿದ್ದ. ಅವನನ್ನು ನಾನು ಅಲ್ಲೇ ಕ್ಷಮಿಸಿದ್ದೆ, ಹೇಳಲು ಬಾಯಿರಲಿಲ್ಲ.

ಆಮೇಲೆ ಕಂಪನಿ ಉಬ್ಬಿತು. ಬಕ್ಕೇಶ ಒದೆ ತಿನ್ನುವುದನ್ನು ನೋಡಲು ಜನ ಮುಗಿಬಿದ್ದರು. ದತ್ತಣ್ಣ ಅವನಿಗೆ ಇನ್ನೊಂದು ಕಪಟ ಕಲಿಸಿದ. ಪೆಟ್ಟಾಯಿತೆಂದು ನರಳಬೇಕು, ಕೈ ಮುಗಿಯಬೇಕು, ಎದುರಾಳಿ ಕರಗಿ ಬೆನ್ನು ತಿರುಗಿಸಿದಾಗ ಒದೆಯಬೇಕು. ಇದನ್ನು ಊರೂರಲ್ಲಿ ಮಾಡಿದ. ಹೋಟೆಲಿನಲ್ಲಿ ಚಹಾ ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರಂತೆ.

ರಾಣೆಬೆನ್ನೂರಿನ ಆಟದಲ್ಲಿ ಎದುರಾಳಿ ಅವನನ್ನು ಎತ್ತಿ ಹಾಕಿದ. ಕೆಟ್ಟ ಮೊಣಕಾಲು ಮಡಚಿ, ತಲೆ ಮೊದಲು ಬಿತ್ತು. ಕುತ್ತಿಗೆ ಲಟಕ್ಕೆಂದದ್ದು ಮೊದಲು ಕೇಳಿದ್ದು ನನಗೆ.

"ಬಿಡಣ್ಣ... ಖರೇನೇ ಪೆಟ್ಟಾಗೈತಿ" ಎಂದ.

ಡೇರೆ ಬಿದ್ದು ಬಿದ್ದು ನಕ್ಕಿತು. "ನಾಟಕ ಮಾಡ್ತಾನ, ನಂಬಬ್ಯಾಡ" ಎಂದು ಕೂಗಿದರು. ದತ್ತಣ್ಣನೂ ಚಪ್ಪಾಳೆ ತಟ್ಟಿದ. ಎದುರಾಳಿ ಪಾಪ ಅನುಮಾನದಲ್ಲೇ ನಿಂತ, ಆಮೇಲೆ ಬೆನ್ನ ಮೇಲೆ ಮೊಣಕಾಲೂರಿದ. ನಂಬಿದ್ದು ನಾನೊಂದೇ. ಅವನ ಬೆರಳು ನನ್ನ ಮೇಲೆ ಹರಿದಾಡಿ ಬಂದು ಮುಟ್ಟಿತು. ಹಣೆಗೆ ಒಯ್ಯಲು ಕೈ ಏಳಲಿಲ್ಲ.

ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಹೆಣವನ್ನು ಲಾರಿಯಲ್ಲಿ ದಾವಣಗೆರೆಗೆ ತಂದರು. ಹೊದಿಸಲು ನಾನೇ ಸಿಕ್ಕಿದೆ. ಗರಡಿಯ ಬಾಗಿಲಲ್ಲಿ ಇಳಿಸಿದಾಗ ವಸ್ತಾದಿ ಹೊರಗೆ ಬಂದರು. ಒಳಗೆ ತನ್ನಿ ಎನ್ನಲಿಲ್ಲ. ತಾವೇ ಒಳಗೆ ಹೋಗಿ ಬೊಗಸೆ ತುಂಬ ಕೆಮ್ಮಣ್ಣು ತಂದು, ನನ್ನ ಅಂಚು ಸರಿಸಿ, ಅವನ ಹಣೆಗೆ ಒತ್ತಿದರು. ಬೊಗಸೆಯಲ್ಲಿ ಉಳಿದ ಮಣ್ಣು ನನ್ನ ಮೇಲೆ ಬಿತ್ತು.

ನನ್ನನ್ನು ಕೇಳಿಕೊಂಡು ಕಂಪನಿಯವರು ಬರಲಿಲ್ಲ. ಈಗ ಗರಡಿಯ ಹಿತ್ತಲಲ್ಲಿ ಸೌದೆ ಮುಚ್ಚಿಕೊಂಡು ಬಿದ್ದಿದ್ದೇನೆ, ಅಂಚು ಹರಿದಿದೆ. ಜನ ಮೆಚ್ಚಿದ ಪೈಲ್ವಾನ ಖಳನಾಗಿ ಗೆಲ್ಲಬಲ್ಲನೇ? ಗೆಲ್ಲಬಲ್ಲ. ಗೆದ್ದವನನ್ನು ನಾನೇ ಮುಚ್ಚಿ ತಂದಿದ್ದೇನೆ. ಆ ಕೆಮ್ಮಣ್ಣಿನ ಗುರುತು ನನ್ನ ಮೇಲೆ ಇನ್ನೂ ಇದೆ. ಉಗುಳಿನ ಕಲೆ ಇಲ್ಲ, ಅದನ್ನು ಅವನೇ ಒರೆಸಿದ್ದ.